ಅಂಗಡಿ ತೆರೆದರೆ ಸಾಲದು, ದಾರಿಯೂ ಕಾಣಬೇಕು

ಕಳೆದ ವರ್ಷ ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಹೊರಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದು ಕಾಯುತ್ತಿದ್ದ. ಕೋಲಾರ ತಾಲೂಕಿನ ನಮ್ಮ ಹುತ್ತೂರು ಕಡೆಯವನು. ಪದವಿ ಮುಗಿಸಿದ್ದಾನೆ, ಕೆಲಸ ಸಿಕ್ಕಿಲ್ಲ. ತಂದೆಗೆ ಎರಡು ಎಕರೆ ಟೊಮೆಟೊ.

"ಉಸ್ತಾದ್, ಒಂದು ವೆಬ್‌ಸೈಟ್ ಮಾಡಿ ಎಂಟು ತಿಂಗಳಾಯಿತು. ನೂರ ನಲವತ್ತು ಪುಟ ಹಾಕಿದ್ದೇನೆ. ಒಂದು ರೂಪಾಯಿಯೂ ಬಂದಿಲ್ಲ" ಎಂದ. ತೆರೆದು ನೋಡಿದೆ. ಮೊಬೈಲ್, ವಾಚು, ಮಿಕ್ಸಿ, ಹೆಡ್‌ಫೋನ್ ಎಲ್ಲವೂ ಇದ್ದವು. ಬರಹವೆಲ್ಲ ಬೇರೆ ಕಡೆಯಿಂದ ತೆಗೆದು ಅಂಟಿಸಿದ್ದು. "ಇವುಗಳಲ್ಲಿ ನೀನು ಕೈಯಲ್ಲಿ ಹಿಡಿದು ನೋಡಿದ್ದು ಯಾವುದು?" ಎಂದು ಕೇಳಿದೆ. ಆತ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಬಳಿಕ ಇನ್ನೊಂದು ಸತ್ಯವೂ ಹೊರಬಂತು. ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇನೆಂದ ಒಬ್ಬನಿಗೆ ಆತ ಹದಿನೆಂಟು ಸಾವಿರ ರೂಪಾಯಿ ಕೊಟ್ಟಿದ್ದ. ಅದು ತಾಯಿ ಹಾಲು ಮಾರಿ ಕೂಡಿಟ್ಟ ಹಣ.

ಪ್ರಿಯ ಓದುಗರೇ, ಇಂತಹ ಒಬ್ಬ ಮಗ ಅಥವಾ ಮಗಳು ನಿಮ್ಮ ಮನೆಯಲ್ಲೂ ಇರಬಹುದು. ಮನೆಯಲ್ಲೇ ಕುಳಿತು ಸಂಪಾದಿಸುವ ಆಸೆ ತಪ್ಪಲ್ಲ. ಆದರೆ ದಾರಿ ತಿಳಿಯದೆ ಹೊರಟರೆ ಹಣವೂ ಹೋಗುತ್ತದೆ, ಮನಸ್ಸೂ ಮುರಿಯುತ್ತದೆ. ನಾನು ಕಂಪ್ಯೂಟರ್ ಪಂಡಿತನಲ್ಲ, ಪಾಠ ಹೇಳುವವನು. ಆ ಹುಡುಗನೊಂದಿಗೆ ಕುಳಿತು ಕಲಿತದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಇದು ದಲ್ಲಾಳಿಯ ಕೆಲಸ

ಅಫಿಲಿಯೇಟ್ ಎಂಬ ಪದ ಹೊಸದು, ಕೆಲಸ ಹಳೆಯದು. ಕೋಲಾರದ ಟೊಮೆಟೊ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಲು ರೈತನದು, ಹಣ ವ್ಯಾಪಾರಿಯದು. ಇಬ್ಬರನ್ನೂ ಸೇರಿಸಿದವನಿಗೆ ಕಮಿಷನ್. ವೆಬ್‌ಸೈಟಿನಲ್ಲೂ ಹಾಗೆಯೇ. ನೀವು ಒಂದು ವಸ್ತುವಿನ ಬಗ್ಗೆ ಬರೆದು ಮಾರಾಟಗಾರರು ಕೊಟ್ಟ ಲಿಂಕ್ ಹಾಕುತ್ತೀರಿ. ಓದಿದವರು ಅದರ ಮೂಲಕ ಹೋಗಿ ಕೊಂಡರೆ ನಿಮಗೆ ಬೆಲೆಯಲ್ಲಿ ಒಂದು ಸಣ್ಣ ಪಾಲು ಬರುತ್ತದೆ. ಅಮೆಜಾನ್ ಕಂಪೆನಿ ಇಂತಹ ಯೋಜನೆಯನ್ನು 1996ರಲ್ಲೇ ಆರಂಭಿಸಿತು. ಭಾರತದಲ್ಲಿ ಅದರ ಮಾರಾಟ ಶುರುವಾದದ್ದು 2013ರಲ್ಲಿ.

ಇದರ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ ಲಿಂಕ್ ಒತ್ತಿದ 24 ಗಂಟೆಗಳೊಳಗೆ ಗ್ರಾಹಕ ವಸ್ತುವನ್ನು ಆರಿಸಿದರೆ ಮಾತ್ರ ಕಮಿಷನ್. ಸೇರಿದ 180 ದಿನಗಳೊಳಗೆ ಕನಿಷ್ಠ ಮೂರು ಮಾರಾಟವಾಗದಿದ್ದರೆ ಖಾತೆ ಮುಚ್ಚುತ್ತಾರೆ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಅದು ಲೆಕ್ಕಕ್ಕಿಲ್ಲ. ಅಂದರೆ ನಿಜವಾದ ಓದುಗರು ಬರಲೇಬೇಕು. ಅವರನ್ನು ಕರೆತರುವ ದೊಡ್ಡ ದಾರಿ ಗೂಗಲ್‌ನಂತಹ ಸರ್ಚ್ ಎಂಜಿನ್. ಆ ದಾರಿಯಲ್ಲಿ ನಮ್ಮ ಪುಟ ಕಾಣುವಂತೆ ಮಾಡುವ ಕೆಲಸಕ್ಕೇ ಎಸ್‌ಇಒ ಎನ್ನುತ್ತಾರೆ.

ಗೂಗಲ್ ನಮ್ಮನ್ನು ಕಾಣುವ ಬಗೆ

ಸರ್ಚ್ ಎಂಜಿನ್ ಮೂರು ಕೆಲಸ ಮಾಡುತ್ತದೆ. ಒಂದು, ಲಿಂಕಿನಿಂದ ಲಿಂಕಿಗೆ ಸಾಗುತ್ತಾ ಪುಟಗಳನ್ನು ಓದುತ್ತದೆ. ಎರಡು, ಓದಿದ್ದನ್ನು ತನ್ನ ದೊಡ್ಡ ಸೂಚಿಯಲ್ಲಿ ಬರೆದುಕೊಳ್ಳುತ್ತದೆ. ಮೂರು, ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದ ತಕ್ಕ ಪುಟಗಳನ್ನು ತೆಗೆದು ಸಾಲಾಗಿ ನಿಲ್ಲಿಸುತ್ತದೆ. ಸೂಚಿಯಲ್ಲೇ ಇಲ್ಲದ ಪುಟ ಸಾಲಿನಲ್ಲಿ ನಿಲ್ಲುವುದು ಹೇಗೆ?

ಆದ್ದರಿಂದ ಮೊದಲ ಪರೀಕ್ಷೆ ಇದು. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸೈಟ್ ಎಂದು ಬರೆದು, ಎರಡು ಚುಕ್ಕೆಯ ಚಿಹ್ನೆ ಇಟ್ಟು, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಬರೆಯಿರಿ. ಗೂಗಲ್ ಗುರುತಿಸಿದ ಪುಟಗಳಲ್ಲಿ ಕೆಲವಾದರೂ ಕಾಣಬೇಕು. ಪೂರ್ತಿ ವಿವರ ಬೇಕಿದ್ದರೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಹೆಸರು ನೋಂದಾಯಿಸಿ, ಅದು ಉಚಿತ. ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಸೇರಿಲ್ಲ, ಜನ ಏನೆಂದು ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದನ್ನೆಲ್ಲ ಅದು ತೋರಿಸುತ್ತದೆ. ಪುಟಗಳ ಪಟ್ಟಿಯನ್ನು, ಅಂದರೆ ಸೈಟ್‌ಮ್ಯಾಪನ್ನು, ಅಲ್ಲಿಯೇ ಕೊಡಬಹುದು. ನಮ್ಮ ಹುಡುಗ ನೋಡಿದಾಗ ನೂರ ನಲವತ್ತರಲ್ಲಿ ಸೂಚಿಗೆ ಸೇರಿದ್ದು ಒಂಬತ್ತು ಪುಟ ಮಾತ್ರ.

ಸಾಲಿನಲ್ಲಿ ಮುಂದೆ ಯಾರು, ಹಿಂದೆ ಯಾರು? ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದಾಗ ಅವರ ವಿಶೇಷ ಉಪಾಯ ಹೀಗಿತ್ತು: ಒಂದು ಪುಟಕ್ಕೆ ಬೇರೆಯವರು ಕೊಡುವ ಲಿಂಕನ್ನು ಅವರು ಸಾಕ್ಷಿ ಎಂದು ಭಾವಿಸಿದರು. ಎಲ್ಲ ಸಾಕ್ಷಿಗಳೂ ಸಮಾನವಲ್ಲ. ನಂಬಿಕಸ್ಥನ ಸಾಕ್ಷಿಗೆ ತೂಕ ಹೆಚ್ಚು. ಇಂದು ಲೆಕ್ಕ ಬಹಳ ಬೆಳೆದಿದೆ, ಆದರೆ ಈ ಮೂಲ ಅಳಿದಿಲ್ಲ.

ಕನ್ನಡ ಕಲಿಸಿದ ಪಾಠ

ಕನ್ನಡಿಗರಾದ ನಾವು ಈ ಪಾಠವನ್ನು ಕಷ್ಟಪಟ್ಟೇ ಕಲಿತೆವು. ಯು.ಬಿ. ಪವನಜರ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ 1996ರಲ್ಲೇ ಬಂತು. ಆ ಕಾಲದಲ್ಲಿ ಕನ್ನಡ ತಾಣಗಳು ತಮ್ಮದೇ ಫಾಂಟುಗಳನ್ನು ಬಳಸುತ್ತಿದ್ದವು. ಪರದೆಯ ಮೇಲೆ ಸುಂದರ ಕನ್ನಡ ಕಾಣುತ್ತಿತ್ತು, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡದಲ್ಲಿ ಹುಡುಕಿದರೆ ಸರ್ಚ್ ಎಂಜಿನ್‌ಗೆ ಏನೂ ಸಿಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆಯೇ ಕನ್ನಡದ ಪದ ಕಂಪ್ಯೂಟರಿಗೆ ಕನ್ನಡವಾಗಿಯೇ ಅರ್ಥವಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಂದು ಹುಡುಕಿದೊಡನೆ ಸಿಗುವುದು ಇದರಿಂದಲೇ.

ಇಂದಿಗೂ ಕೆಲವರು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅದನ್ನೇ ಅಂಟಿಸುತ್ತಾರೆ. ಇನ್ನು ಕೆಲವರು ಇಡೀ ಬರಹವನ್ನು ಚಿತ್ರ ಮಾಡಿ ಹಾಕುತ್ತಾರೆ. ಇದು ಅಂಗಡಿ ತೆರೆದು ಬಾಗಿಲ ಮುಂದೆ ಗೋಡೆ ಕಟ್ಟಿದಂತೆ. ಬರಹ ಯೂನಿಕೋಡ್‌ನಲ್ಲಿಯೇ ಇರಲಿ.

ಯಾರ ಪ್ರಶ್ನೆಗೆ ನಿಮ್ಮ ಉತ್ತರ?

ಇಡೀ ವಿಷಯದ ತಿರುಳು ಇಲ್ಲಿದೆ. "ಒಳ್ಳೆಯ ಮೊಬೈಲ್ ಯಾವುದು" ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ಕಂಪೆನಿಗಳು ಉತ್ತರ ಬರೆದು ಕುಳಿತಿವೆ. ಹುತ್ತೂರಿನ ಹುಡುಗ ಅಲ್ಲಿ ಅವರೊಡನೆ ಸ್ಪರ್ಧಿಸಲಾರ. ಹಾಗಾದರೆ ಅವನಿಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲವೇ?

ನಾನು ಅವನನ್ನೇ ಕೇಳಿದೆ: "ನಿಮ್ಮ ತೋಟದ ಹನಿ ನೀರಾವರಿ ಕಟ್ಟಿಕೊಂಡರೆ ಏನು ಮಾಡುತ್ತೀರಿ?" ಹುಡುಗ ನಿಲ್ಲದೆ ಮಾತಾಡಿದ. ಬೋರ್‌ವೆಲ್ ನೀರಿನಲ್ಲಿ ಮರಳು ಬಂದರೆ ಅದನ್ನು ಸುತ್ತಿಸಿ ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಬೇಕು. ಕೃಷಿ ಹೊಂಡದ ನೀರಿನಲ್ಲಿ ಪಾಚಿ ಇದ್ದರೆ ಮರಳಿನ ಫಿಲ್ಟರ್ ಬೇಕು. ಅದರ ನಂತರ ಜಾಲರಿ ಅಥವಾ ಡಿಸ್ಕ್ ಫಿಲ್ಟರ್. ಗಡಸು ನೀರಾದರೆ ಸುಣ್ಣ ಕಟ್ಟಿ ರಂಧ್ರ ಮುಚ್ಚುತ್ತದೆ, ಅದಕ್ಕೆ ಫಿಲ್ಟರ್ ಉಪಯೋಗವಿಲ್ಲ, ಆಮ್ಲದ ಉಪಚಾರ ಬೇಕು. ಪೈಪಿನ ಕೊನೆಯ ಮುಚ್ಚಳ ತೆಗೆದು ಆಗಾಗ ತೊಳೆಯಬೇಕು.

"ಇದನ್ನು ನಿನ್ನ ವೆಬ್‌ಸೈಟಿನಲ್ಲಿ ಏಕೆ ಬರೆದಿಲ್ಲ?" ಎಂದೆ. "ಇದನ್ನು ಯಾರು ಓದುತ್ತಾರೆ ಉಸ್ತಾದ್?" ಎಂದ. ನಮ್ಮ ಮಕ್ಕಳ ಕಾಯಿಲೆ ಇದೇ. ತಾವು ಬಲ್ಲದ್ದಕ್ಕೆ ಬೆಲೆಯಿಲ್ಲ, ತಾವು ಅರಿಯದ್ದಕ್ಕೆ ಬೆಲೆ ಎಂದುಕೊಂಡಿದ್ದಾರೆ! ಫಿಲ್ಟರ್ ಕಟ್ಟಿಕೊಂಡು ಬೆಳೆ ಒಣಗುವ ರೈತ ರಾತ್ರಿ ಮೊಬೈಲಿನಲ್ಲಿ ಹುಡುಕುವುದು ಇದನ್ನೇ ಅಲ್ಲವೇ? ಅವನಿಗೆ ಸರಿಯಾದ ಫಿಲ್ಟರ್ ತೋರಿಸಿದರೆ ಅವನು ಕೊಳ್ಳಲೂಬಹುದು.

ಜನ ಬಳಸುವ ಪದ ಯಾವುದೆಂದು ತಿಳಿಯಲು ಗೂಗಲ್‌ನಲ್ಲಿ ಅರ್ಧ ಪ್ರಶ್ನೆ ಬರೆದು ನಿಲ್ಲಿಸಿ. ಉಳಿದರ್ಧವನ್ನು ಅದೇ ಸೂಚಿಸುತ್ತದೆ. ನಮ್ಮವರು "ಸೂಕ್ಷ್ಮ ನೀರಾವರಿ" ಎನ್ನುವುದಕ್ಕಿಂತ "ಡ್ರಿಪ್" ಎನ್ನುವುದೇ ಹೆಚ್ಚು. ಪುಸ್ತಕದ ಪದದೊಂದಿಗೆ ಹೊಲದ ಪದವೂ ಇರಲಿ.

ಪುಟವನ್ನು ಅಣಿಗೊಳಿಸುವುದು

ಒಂದು ಪುಟಕ್ಕೆ ಒಂದೇ ಪ್ರಶ್ನೆ ಸಾಕು. ಶೀರ್ಷಿಕೆ ನೋಡಿದೊಡನೆ ಒಳಗೇನಿದೆ ಎಂದು ತಿಳಿಯಬೇಕು. "ನಮ್ಮ ಪುಟಕ್ಕೆ ಸ್ವಾಗತ" ಎಂಬ ಶೀರ್ಷಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. "ಬೋರ್‌ವೆಲ್ ನೀರಿಗೆ ಯಾವ ಡ್ರಿಪ್ ಫಿಲ್ಟರ್?" ಎಂದರೆ ಸಾಕು. ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲಿನ ವಿವರಣೆಯನ್ನೂ ನೀವೇ ಬರೆಯಿರಿ. ಅದು ಸ್ಥಾನ ಏರಿಸದಿದ್ದರೂ ಓದುಗನನ್ನು ಒಳಗೆ ಕರೆಯುತ್ತದೆ.

ಉತ್ತರವನ್ನು ಮೊದಲ ಪ್ಯಾರಾದಲ್ಲೇ ಕೊಡಿ. ನಂತರ ಉಪಶೀರ್ಷಿಕೆಗಳಡಿ ವಿವರಿಸಿ. ಚಿತ್ರ ಹಾಕಿದರೆ ಅದರಲ್ಲೇನಿದೆ ಎಂಬ ಪರ್ಯಾಯ ಬರಹ ಸೇರಿಸಿ. ಅದು ಕಣ್ಣು ಕಾಣದವರಿಗೂ ಉಪಕಾರ. ಸಂಬಂಧವಿರುವ ಪುಟಗಳನ್ನು ಒಂದಕ್ಕೊಂದು ಲಿಂಕ್ ಮಾಡಿ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಸೂಚಿಗೆ ಸೇರಿಸುತ್ತದೆ. ಆದ್ದರಿಂದ ಕಡಿಮೆ ಬೆಲೆಯ ಫೋನಿನಲ್ಲಿ, ಸಿಗ್ನಲ್ ಕಡಿಮೆಯಿರುವ ಊರಿನಲ್ಲಿ ಪುಟ ತೆರೆದು ನೋಡಿ. ಭಾರವಾದ ಚಿತ್ರಗಳನ್ನು ಹಗುರಗೊಳಿಸಿ. ಇವೆಲ್ಲಕ್ಕೂ ಗೂಗಲ್‌ನದೇ ಉಚಿತ ಕೈಪಿಡಿ ಇದೆ. ಹದಿನೆಂಟು ಸಾವಿರ ಕೊಟ್ಟು ಕಲಿಯುವಂಥದ್ದು ಏನೂ ಇಲ್ಲ.

ಅಡ್ಡದಾರಿ ಹಿಡಿದವರು

ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು. ಹಾಗೆ ಹೇಳುವವರನ್ನು ನಂಬಬೇಡಿ ಎಂದು ಗೂಗಲ್ ಸ್ವತಃ ಎಚ್ಚರಿಸಿದೆ. ಅಡ್ಡದಾರಿ ದೊಡ್ಡವರನ್ನೂ ಬಿಟ್ಟಿಲ್ಲ. 2006ರಲ್ಲಿ ಜರ್ಮನಿಯ ಕಾರು ಕಂಪೆನಿ ಬಿಎಂಡಬ್ಲ್ಯುವಿನ ಜರ್ಮನ್ ವೆಬ್‌ಸೈಟ್, ಗೂಗಲ್‌ಗೆ ಒಂದು ಪುಟ, ಓದುಗರಿಗೆ ಇನ್ನೊಂದು ಪುಟ ತೋರಿಸಿತು. ಗೂಗಲ್ ಅದನ್ನು ತನ್ನ ಸೂಚಿಯಿಂದಲೇ ತೆಗೆದುಹಾಕಿತು. ತಪ್ಪು ಸರಿಪಡಿಸಿದ ನಂತರವಷ್ಟೇ ಮತ್ತೆ ಸೇರಿಸಿಕೊಂಡಿತು.

ಒಂದೇ ಪದವನ್ನು ಪುಟದ ತುಂಬ ತುರುಕುವುದು, ಹಣಕ್ಕೆ ಲಿಂಕ್ ಕೊಳ್ಳುವುದು, ಪರರ ಬರಹ ಕದಿಯುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಕೀವರ್ಡ್‌ಗಳ ಗುಪ್ತ ಪಟ್ಟಿಯನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಇಂದಿಗೂ ಅದನ್ನು ಮಾರುವವರಿದ್ದಾರೆ! ಓದುಗನಿಗೆ ಉಪಯೋಗವಿಲ್ಲದ ಪುಟಗಳನ್ನು ಯಂತ್ರದಿಂದಲೋ ಕೈಯಿಂದಲೋ ರಾಶಿ ರಾಶಿಯಾಗಿ ಹಾಕುವುದರ ವಿರುದ್ಧ 2024ರ ಮಾರ್ಚ್‌ನಲ್ಲಿ ಅದು ನಿಯಮ ಬಿಗಿಗೊಳಿಸಿತು. ಸುಳ್ಳು ಸಾಕ್ಷಿಯನ್ನು ಖರೀದಿಸಬಹುದು, ಆದರೆ ಪಾಟೀಸವಾಲಿನಲ್ಲಿ ಅದು ನಿಲ್ಲುವುದಿಲ್ಲ.

ಕಮಿಷನ್ ಮುಚ್ಚಿಡಬೇಡಿ

ಈ ಕಮಿಷನ್ ಸರಿಯೇ ಎಂದು ಕೆಲವು ಹೆತ್ತವರು ನನ್ನನ್ನು ಕೇಳಿದ್ದಾರೆ. ದುಡಿಮೆಗೆ ಕೂಲಿ ಪಡೆಯುವುದರಲ್ಲಿ ದೋಷವೇನಿದೆ? ವಸ್ತು ನಿಷಿದ್ಧವಾಗಿರಬಾರದು, ಅದರ ಕುಂದನ್ನು ಅಡಗಿಸಬಾರದು, ಅಷ್ಟೇ. ಕೆಳಗಿನ ಕೊಳೆತ ಟೊಮೆಟೊ ಮುಚ್ಚಲು ಮೇಲೆ ಒಳ್ಳೆಯದನ್ನು ಜೋಡಿಸಿದ ಕ್ರೇಟನ್ನು ಮಂಡಿಯಲ್ಲಿ ಒಮ್ಮೆ ಮಾರಬಹುದು. ಮರುದಿನ ಆ ಹೆಸರಿನ ಕ್ರೇಟನ್ನು ಯಾರೂ ಮುಟ್ಟುವುದಿಲ್ಲ.

ಕಾನೂನೂ ಇದನ್ನೇ ಕೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮತ್ತು ಅದರ ಪರವಾದ ಶಿಫಾರಸಿಗೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಕಂಪೆನಿಯೊಂದಿಗಿನ ಹಣಕಾಸು ಸಂಬಂಧವನ್ನು ಓದುಗನಿಗೆ ತಿಳಿಸಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಪುಟದ ಮೇಲ್ಭಾಗದಲ್ಲೇ "ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ" ಎಂದು ಸ್ಪಷ್ಟ ಕನ್ನಡದಲ್ಲಿ ಬರೆಯಿರಿ. ಅಂತಹ ಲಿಂಕಿಗೆ "ಪ್ರಾಯೋಜಿತ" ಎಂಬರ್ಥದ ಗುರುತನ್ನು ಹಾಕುವ ವ್ಯವಸ್ಥೆಯನ್ನು ಗೂಗಲ್ 2019ರಲ್ಲಿ ತಂದಿದೆ, ಅದನ್ನೂ ಬಳಸಿ.

ಕೊನೆಗೆ

ನಮ್ಮ ಹುಡುಗ ನೂರ ನಲವತ್ತು ಪುಟಗಳನ್ನೂ ಅಳಿಸಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಂತೆ. ನಂತರದ ಮೂರು ತಿಂಗಳಲ್ಲಿ ಬರೆದದ್ದು ಏಳೇ ಪುಟ. ಚಿತ್ರಗಳೆಲ್ಲ ತಂದೆಯ ತೋಟದವು. ಗಡಸು ನೀರಿನ ಪುಟದಲ್ಲಿ "ಇದಕ್ಕೆ ಫಿಲ್ಟರ್ ಕೊಳ್ಳಬೇಡಿ, ಹಣ ವ್ಯರ್ಥ" ಎಂದು ಬರೆದಿದ್ದಾನೆ. ಅವನ ಪುಟಗಳಲ್ಲಿ ಜನ ಹೆಚ್ಚು ಓದುವುದು ಅದನ್ನೇ. ಐದನೇ ತಿಂಗಳಲ್ಲಿ ಮೊದಲ ಕಮಿಷನ್ ಬಂತು, ನೂರು ರೂಪಾಯಿಗೂ ಕಡಿಮೆ. ಹೋದ ಹದಿನೆಂಟು ಸಾವಿರ ಮರಳಲಿಲ್ಲ.

ಆದ್ದರಿಂದ ಇದನ್ನೇ ನಂಬಿ ಕೈಯಲ್ಲಿರುವ ಕೆಲಸ ಬಿಡಬೇಡಿ, ಸಾಲವನ್ನಂತೂ ಮಾಡಲೇಬೇಡಿ. 2024ರ ಆಗಸ್ಟ್‌ನಿಂದ ಭಾರತದಲ್ಲಿಯೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಯಂತ್ರ ಬರೆದ ಸಾರಾಂಶವನ್ನು ಮೇಲೆಯೇ ತೋರಿಸುತ್ತಿದೆ. ಅದನ್ನೋದಿ ಪುಟ ತೆರೆಯದೆ ಹೋಗುವವರೂ ಇದ್ದಾರೆ. ಎಲ್ಲೆಡೆ ಸಿಗುವ ಮಾತನ್ನೇ ಬರೆಯುವವನಿಗೆ ಮುಂದಿನ ದಿನಗಳು ಇನ್ನೂ ಕಷ್ಟ. ಕಂಡು, ಮುಟ್ಟಿ, ಬಳಸಿ ಬರೆಯುವವನಿಗೆ ಮಾತ್ರ ಸ್ವಲ್ಪ ಜಾಗ ಉಳಿಯಬಹುದು.

ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗನನ್ನೋ ಮಗಳನ್ನೋ ಒಂದು ಮಾತು ಕೇಳಿ ನೋಡಿ: "ಊರವರು ನಿನ್ನ ಬಳಿ ಬಂದು ಕೇಳಿ ತಿಳಿದುಕೊಳ್ಳುವ ವಿಷಯ ಯಾವುದು?" ಅದಕ್ಕೆ ಸಿಗುವ ಉತ್ತರವೇ ಮೊದಲ ಪುಟವಾಗಲಿ.