ತಟ್ಟೆಯಲ್ಲಿ ಗೆದ್ದ ಅರಿಶಿನ

ಆಂಧ್ರಪ್ರದೇಶದ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಬಡಿಗೆ ಹಿಡಿದು ಕಾದಾಡುವವರು ತಲೆ ಒಡೆದರೆ ಅರಿಶಿನ ಮೆತ್ತಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಯಾರೂ ಪುರಾವೆ ಕೇಳುವುದಿಲ್ಲ. ಅಮೆರಿಕದಲ್ಲಿ ಮಾತ್ರ ಒದಗಿಸಬೇಕಾಯಿತು: ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು (ಸಿಎಸ್‌ಐಆರ್) ಹಳೆಯ ಬರಹಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು.

ಗಾಯ ಮಾಯುವುದು ಒಂದು, ಚರ್ಮದ ಕ್ಯಾನ್ಸರ್ ವಾಸಿಯಾಗುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಮೂಲ ಪ್ರಯೋಗಾಲಯದಲ್ಲಿದೆ, ಅದೂ ಸುಳ್ಳಲ್ಲ. 1973ರಲ್ಲಿ 85 ವರ್ಷದ ವೃದ್ಧೆಯೊಬ್ಬರ ಗೆಡ್ಡೆಯಿಂದ ಬೆಳೆಸಿದ ಎ431 ಎಂಬ ಚರ್ಮದ ಕ್ಯಾನ್ಸರ್ ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವುಗಳ ಮೈಮೇಲೆ ‘ಬೆಳೆ’ ಎಂಬ ಸಂದೇಶ ಹಿಡಿಯುವ ಇಜಿಎಫ್ ಗ್ರಾಹಕಗಳು ವಿಪರೀತ. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಆ ಗ್ರಾಹಕದ ಕೆಲಸವನ್ನು ತಡೆಯುತ್ತದೆಂದು 1994ರಲ್ಲಿ ವರದಿಯಾಯಿತು. 2001ರಲ್ಲಿ ಮೆಲನೋಮಾ ಎಂಬ ಇನ್ನೊಂದು ಚರ್ಮದ ಕ್ಯಾನ್ಸರಿನ ಕೋಶಗಳು ಅದರಿಂದ ತಾವಾಗಿಯೇ ಸಾಯುವುದೂ ಕಂಡಿತು.

ಆದರೆ ಇದಕ್ಕೂ ಮುಂಚೆ, 1980ರಲ್ಲೇ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಚಂದ್ರಶೇಖರ ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿ, ಅದು ಎಲ್ಲಿ ಹೋಯಿತೆಂದು ಹುಡುಕಿದ್ದರು. 400 ಮಿಲಿಗ್ರಾಂ ಕೊಟ್ಟರೂ ಹೃದಯದ ರಕ್ತದಲ್ಲಿ ಅದು ಸಿಗಲಿಲ್ಲ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲಿ ಜಾಡು ಮಾತ್ರ ಸಿಕ್ಕಿತು. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಈ ಪ್ರಯೋಗದಲ್ಲಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಔಷಧದಲ್ಲೇ ಮುಳುಗಿರುತ್ತವೆ. ದೇಹದಲ್ಲಿ ಕರುಳು, ಯಕೃತ್ತುಗಳನ್ನು ದಾಟದೆ ಅದು ಗೆಡ್ಡೆಯ ತನಕ ಬರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ದಾರಿಯೊಂದನ್ನು ತೋರಿಸಿದರು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಹೆಚ್ಚಿತು. ಅಂಕಿ ದೊಡ್ಡದು, ಮಾರಾಟಗಾರರಿಗೆ ಅಚ್ಚುಮೆಚ್ಚು. ಆದರೆ ಬರೀ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಅಳತೆಗೇ ಸಿಗದಷ್ಟು, ಇಲ್ಲವೇ ತೀರಾ ಅತ್ಯಲ್ಪ. ಇಷ್ಟು ಸಣ್ಣದನ್ನು ಹಲವು ಪಟ್ಟು ಮಾಡಿದರೂ ತಟ್ಟೆಯ ಸಾಂದ್ರತೆ ದೂರವೇ ಉಳಿಯುತ್ತದೆ.

2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಸಂಗತಿ ಮುಂದಿಟ್ಟು ಕಟುವಾಗಿ ಬರೆಯಿತು: ಯಾರಿಗೆ ನಿಜವಾದ ಔಷಧ, ಯಾರಿಗೆ ಹುಸಿ ಗುಳಿಗೆ ಎಂಬುದನ್ನು ರೋಗಿ, ವೈದ್ಯರಿಬ್ಬರಿಂದಲೂ ಮುಚ್ಚಿಟ್ಟು ನಡೆಸಿದ ಯಾವ ಪರೀಕ್ಷೆಯಲ್ಲೂ ಕರ್ಕ್ಯುಮಿನ್ ಗೆದ್ದಿಲ್ಲ. ಅದು ತಾನೇ ಹೊಳೆಯುವ ಬಣ್ಣದ ವಸ್ತುವಾದ್ದರಿಂದ ಬೆಳಕು ಅಳೆಯುವ ಲ್ಯಾಬ್ ಪರೀಕ್ಷೆಗಳನ್ನೂ ದಾರಿ ತಪ್ಪಿಸಬಲ್ಲದು.

ಚರ್ಮದ ಗೆಡ್ಡೆಗೆ ನುಂಗುವುದೇಕೆ, ಹಚ್ಚಬಹುದಲ್ಲ? ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಆಸ್ಪತ್ರೆಯ ರಾಮದಾಸನ್ ಕುಟ್ಟನ್ ತಂಡ ಅದನ್ನೂ ಮಾಡಿ 1987ರಲ್ಲಿ ಪ್ರಕಟಿಸಿತು. ಮೈಮೇಲೆ ಬಾಯ್ದೆರೆದ ಕ್ಯಾನ್ಸರ್ ಹುಣ್ಣಿದ್ದ 62 ರೋಗಿಗಳಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ದುರ್ವಾಸನೆ ತಗ್ಗಿತು, ಹೆಚ್ಚುಕಡಿಮೆ ಎಲ್ಲರಿಗೂ ತುರಿಕೆ ಕಡಿಮೆಯಾಯಿತು. ಹುಣ್ಣಿನ ಗಾತ್ರ, ನೋವು ಕುಗ್ಗಿದ್ದು ನೂರಕ್ಕೆ ಹತ್ತು ಮಂದಿಗೆ ಮಾತ್ರ. ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲವಾದರೂ ಅರಿಶಿನದ ಪರವಾಗಿ ಬಂದ ವರದಿಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ರೋಗ ವಾಸಿಯಾಯಿತು ಎಂದು ಅದು ಹೇಳಲಿಲ್ಲ. ವಾಸನೆಗೆ ಹೆದರಿ ದೂರ ಕೂರುತ್ತಿದ್ದ ಮನೆಯವರು ಹತ್ತಿರ ಕೂರಬಹುದಾದಷ್ಟು ಉಪಶಮನವನ್ನು ಲೆಕ್ಕ ಹಾಕಿ ಬರೆಯಿತು.