ಉದುರಿದ ಎಲೆ ಮಣ್ಣಾಗುವ ಬಗೆ
(ರಾಯಚೂರು, ದೇವದುರ್ಗ ಮತ್ತು ಮಾನ್ವಿ ಸೀಮೆಯ ಹಿಡುವಳಿದಾರರ ಉಪಯೋಗಕ್ಕಾಗಿ)

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇರುವುದರಿಂದ ಎಡೆದೊರೆನಾಡೆಂದು ಹೆಸರಾದ ರಾಯಚೂರು ಸೀಮೆಯಲ್ಲಿ ಮಾಘ ಫಾಲ್ಗುಣ ಮಾಸಗಳು ಬಂದೊಡನೆ ಬೇವು, ಅರಳಿ ಮೊದಲಾದ ಮರಗಳು ಎಲೆಯನ್ನು ಉದುರಿಸುವವು. ಮೃಗಶಿರಾ ಮಳೆಯು ಬೀಳುವುದಾದರೋ ಜೂನ್ ತಿಂಗಳಿನಲ್ಲಿ. ನಡುವಣ ಮೂರು ನಾಲ್ಕು ತಿಂಗಳು ಆ ಎಲೆಯು ಬಿಸಿಲಿನಲ್ಲಿ ಕೊಳೆಯದೆ ಬಿದ್ದಿರುತ್ತದೆ. ಅದರಲ್ಲಿ ಒಂದು ಪಾಲನ್ನು ಗಾಳಿಯು ಒಯ್ಯುವುದು. ಒಂದು ಪಾಲನ್ನು ಜನರೇ ಗುಡಿಸಿ ಸುಡುವರು. ಉಳಿದುದನ್ನು ಮೊದಲ ಮಳೆಯ ನೀರು ಹಳ್ಳಕ್ಕೆ ನೂಕಿ ಹೊಳೆಗೆ ಸಾಗಿಸುವುದು. ಹೊಲಕ್ಕೆ ಸೇರಬೇಕಾದ ಸಾರವು ಹೀಗೆ ವರ್ಷವರ್ಷವೂ ಊರನ್ನು ಬಿಟ್ಟು ಹೋಗುತ್ತಿರುವುದು. ಇದನ್ನು ತಡೆಯಬೇಕಾದರೆ ಎಲೆಯು ಹೇಗೆ ಕೊಳೆಯುವುದೆಂಬುದನ್ನು ಮೊದಲು ತಿಳಿಯತಕ್ಕದ್ದು.

ಎಲೆಯನ್ನು ಕೊಳೆಯಿಸುವವರು ಯಾರು?

ಬಿದ್ದ ಎಲೆಯು ತಾನಾಗಿಯೇ ಕೊಳೆಯುವುದೆಂದು ಅನೇಕರು ಭಾವಿಸಿರುವರು. ಇದು ಸರಿಯಲ್ಲ. ಎಲೆಯನ್ನು ಜೀವಿಗಳು ತಿನ್ನುತ್ತವೆ. ಹಾಗೆ ತಿನ್ನುವುದಕ್ಕೇ ನಾವು ಕೊಳೆಯುವುದೆಂದು ಹೇಳುವೆವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಬೂಷ್ಟು, ಅಣಬೆ, ಗೆದ್ದಲು, ಸಹಸ್ರಪದಿ, ಎರೆಹುಳು ಇವೆಲ್ಲವೂ ಈ ಕೆಲಸದಲ್ಲಿ ಪಾಲುಗೊಳ್ಳುವವು. ಎರೆಹುಳುಗಳು ಎಲೆಯನ್ನು ಬಿಲದೊಳಗೆ ಎಳೆದುಕೊಂಡು ಮಣ್ಣಿನೊಡನೆ ಕಲಸುವ ಪರಿಯನ್ನು ಡಾರ್ವಿನ್ ಎಂಬ ಪಂಡಿತನು ಬಹುಕಾಲ ಪರೀಕ್ಷಿಸಿ ೧೮೮೧ರಲ್ಲಿ ಒಂದು ಗ್ರಂಥವನ್ನೇ ಬರೆದನು. ಈ ಜೀವಿಗಳಿಗೆ ಮೂರು ವಸ್ತುಗಳು ಒಟ್ಟಿಗೆ ದೊರೆಯಬೇಕು: ತೇವ, ಗಾಳಿ ಮತ್ತು ಸಾರಜನಕ. ಮೂರರಲ್ಲಿ ಒಂದು ತಪ್ಪಿದರೂ ಕೆಲಸವು ನಿಧಾನವಾಗುವುದು, ಇಲ್ಲವೆ ಕೆಡುವುದು.

ಅಡವಿಯಲ್ಲಿ ನಡೆಯುವ ಕ್ರಮ

ಮಲೆನಾಡಿನ ಅಡವಿಯಲ್ಲಿ ಯಾರೂ ಗೊಬ್ಬರ ಹಾಕುವುದಿಲ್ಲ. ಆದರೂ ಮರಗಳು ಸೊಂಪಾಗಿ ಬೆಳೆಯುವವು. ಮರದ ಎಲೆಯೇ ಮರಕ್ಕೆ ಗೊಬ್ಬರವಾಗುವುದರಿಂದ ಹೀಗಾಗುವುದು. ಮೊದಲ ಮಳೆಗೆ ಎಲೆಯೊಳಗಿನ ಸಕ್ಕರೆ, ಪೊಟ್ಯಾಷ್ ಮುಂತಾದ ಕರಗುವ ಅಂಶಗಳು ನೀರಿನೊಡನೆ ಇಳಿದು ಬೇರನ್ನು ಸೇರುವವು. ಬಳಿಕ ಬೂಷ್ಟು ಹಿಡಿದು ಎಲೆಯು ಮೆತ್ತಗಾಗುವುದು. ಮೆತ್ತಗಾದುದನ್ನು ಹುಳುಗಳು ಕಡಿದು ಚೂರುಮಾಡುವವು. ಚೂರಾದುದನ್ನು ಸೂಕ್ಷ್ಮಜೀವಿಗಳು ಮತ್ತಷ್ಟು ಜೀರ್ಣಿಸುವವು. ಕೊನೆಗೆ ಉಳಿಯುವ ಕಪ್ಪಾದ ಮೃದು ಪದಾರ್ಥವು ನೀರನ್ನು ಹಿಡಿದಿಟ್ಟು ಮಣ್ಣಿನ ಕಣಗಳನ್ನು ಕೂಡಿಸುವುದು. ಬಿರುಸಾದ ನಾರಿನ ಅಂಶವೂ ಒಗರೂ ಹೆಚ್ಚಾಗಿರುವ ಎಲೆಗೆ ಹೆಚ್ಚು ಕಾಲ ಬೇಕು. ಮೃದುವಾದ ಎಲೆಯು ಬೇಗನೆ ಕಳಿಯುವುದು.

ಹಳ್ಳ ತೊರೆಗಳಲ್ಲಿ

ಹರಿಯುವ ನೀರಿನಲ್ಲಿ ಬಿದ್ದ ಎಲೆಯೂ ಇದೇ ಕ್ರಮವನ್ನು ಅನುಸರಿಸುವುದು. ಆದರೆ ಅಲ್ಲಿ ಕೆಲಸಮಾಡುವ ಬೂಷ್ಟಿನ ಜಾತಿಗಳು ಬೇರೆ. ಇಂಗೋಲ್ಡ್ ಎಂಬ ವಿಜ್ಞಾನಿಯು ೧೯೪೨ರಲ್ಲಿ ಇಂಗ್ಲೆಂಡಿನ ತೊರೆಯೊಂದರ ಕೊಳೆತ ಎಲೆಗಳ ಮೇಲೆ ಇವುಗಳನ್ನು ಕಂಡು ವರ್ಣಿಸಿದನು. ಇವುಗಳಲ್ಲಿ ಅನೇಕ ಜಾತಿಗಳ ಬೀಜಕಣಗಳು ನಾಲ್ಕು ಕೈಗಳುಳ್ಳ ಆಕಾರದವು. ಆದುದರಿಂದ ನೀರಿನ ಸೆಳೆತದಲ್ಲಿಯೂ ಎಲೆಗೆ ತೊಡರಿಕೊಂಡು ನಿಲ್ಲಬಲ್ಲವು. ಮಂಗಳೂರಿನ ಬಳಿಯ ಕೊಣಾಜೆಯಲ್ಲಿರುವ ವಿಶ್ವವಿದ್ಯಾಲಯದವರು ೧೯೮೦ರ ದಶಕದಿಂದ ಪಶ್ಚಿಮ ಘಟ್ಟದ ತೊರೆಗಳಲ್ಲಿ ಈ ಜಾತಿಗಳನ್ನು ಅಭ್ಯಸಿಸಿರುವರು. ಬೂಷ್ಟು ಹಿಡಿದ ಎಲೆಯನ್ನು ನೀರಿನ ಹುಳುಗಳು ತಿನ್ನುವವು. ಆ ಹುಳುಗಳನ್ನು ಮೀನುಗಳು ತಿನ್ನುವವು.

ದೇವದುರ್ಗ, ಮಾನ್ವಿ ಕಡೆಯ ಹಳ್ಳಗಳ ಸ್ಥಿತಿಯು ಬೇರೆ. ಎಲೆ ಉದುರುವ ಕಾಲಕ್ಕೆ ಹೆಚ್ಚಿನ ಹಳ್ಳಗಳಲ್ಲಿ ನೀರಿರುವುದಿಲ್ಲ. ನೀರು ಬಂದಾಗ ರಭಸವಾಗಿ ಬಂದು ಎಲೆಯನ್ನು ಹಾಗೆಯೇ ಕೊಚ್ಚಿಕೊಂಡು ಹೋಗುವುದು. ಹಳ್ಳದ ದಂಡೆಯಲ್ಲಿ ಗಿಡಮರಗಳಿದ್ದರೆ ಬೇರುಗಳು ಎಲೆಯನ್ನೂ ಮಣ್ಣನ್ನೂ ತಡೆಯುವವು. ದಂಡೆಯನ್ನು ಬೋಳುಮಾಡಿದ ಕಡೆಯಲ್ಲಿ ಎರಡೂ ಹೊಳೆಯ ಪಾಲು.

ಒಣ ಎಲೆಯನ್ನು ಹಾಗೆಯೇ ಹೊಲಕ್ಕೆ ಹಾಕಬಾರದೇಕೆ?

ಮರವು ಎಲೆಯನ್ನು ಬಿಡುವ ಮುನ್ನ ಅದರೊಳಗಿನ ಸಾರಜನಕದ ದೊಡ್ಡ ಪಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಆದುದರಿಂದ ಒಣ ಎಲೆಯಲ್ಲಿ ಇಂಗಾಲವು ಹೆಚ್ಚು, ಸಾರಜನಕವು ಕಡಿಮೆ. ಕೊಳೆಯಿಸುವ ಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ ೨೫ರಿಂದ ೩೦ ಪಾಲು ಇದ್ದರೆ ಅನುಕೂಲ. ಭತ್ತದ ಹುಲ್ಲಿನಲ್ಲಿಯೂ ಅನೇಕ ಜಾತಿಯ ಒಣ ಎಲೆಗಳಲ್ಲಿಯೂ ಇಂಗಾಲವು ಇದರ ಇಮ್ಮಡಿ, ಒಮ್ಮೊಮ್ಮೆ ಅದಕ್ಕೂ ಮಿಗಿಲು. ಇಂಥದನ್ನು ಬಿತ್ತನೆಯ ಹೊತ್ತಿಗೆ ಹೊಲದಲ್ಲಿ ಹೂಳಿದರೆ ಜೀವಿಗಳು ತಮಗೆ ಕೊರತೆಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಸೆಳೆದುಕೊಳ್ಳುವವು. ಪೈರು ಕೆಲವು ವಾರ ಹಳದಿಯಾಗಿ ಸೊರಗುವುದು. ಗೆದ್ದಲಿನ ಕಾಟವೂ ಹೆಚ್ಚಬಹುದು. ತಪ್ಪು ಎಲೆಯದಲ್ಲ, ಕಾಲದ್ದು. ಹೊಂಗೆ, ಗೊಬ್ಬರದ ಗಿಡ ಮೊದಲಾದವುಗಳ ಹಸುರೆಲೆಯಲ್ಲಿ ಸಾರಜನಕವು ಹೆಚ್ಚಾಗಿರುವುದರಿಂದ ಅದನ್ನು ನೇರವಾಗಿ ಮಣ್ಣಿಗೆ ಸೇರಿಸಬಹುದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮಾನ್ವಿಯ ಗದ್ದೆಗಳಲ್ಲಿ ಇನ್ನೊಂದು ತೊಂದರೆಯುಂಟು. ನಿಂತ ನೀರಿನ ಕೆಳಗೆ ಗಾಳಿಯಿಲ್ಲದೆ ಹುಲ್ಲು ಕೊಳೆತರೆ ದುರ್ವಾಸನೆಯ ಹುಳಿ ಪದಾರ್ಥಗಳು ಹುಟ್ಟಿ ಎಳೆಯ ಬೇರನ್ನು ಬಾಧಿಸುವವು. ಆದುದರಿಂದ ಹುಲ್ಲನ್ನು ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿನಲ್ಲಿ ಸೇರಿಸತಕ್ಕದ್ದು.

ಸುಡುವುದರಿಂದ ಆಗುವ ನಷ್ಟ

ಎಲೆ, ಹುಲ್ಲು, ಹತ್ತಿಕಟ್ಟಿಗೆಗಳನ್ನು ಸುಟ್ಟರೆ ಸಾರಜನಕವೂ ಗಂಧಕವೂ ಬಹುಪಾಲು ಹೊಗೆಯೊಡನೆ ಹೋಗುವವು. ಬೂದಿಯಲ್ಲಿ ಪೊಟ್ಯಾಷ್ ಮೊದಲಾದ ಖನಿಜಗಳು ಉಳಿದರೂ ಗಾಳಿಗೆ ಹಾರಿಹೋಗುವುದೇ ಹೆಚ್ಚು. ಮಣ್ಣನ್ನು ಮೆತ್ತಗಾಗಿಸುವ ಕಪ್ಪು ಪದಾರ್ಥವಂತೂ ಹುಟ್ಟುವುದೇ ಇಲ್ಲ. ಬೇಸಗೆಯಲ್ಲಿ ಬಿರುಕುಬಿಟ್ಟು ಮಳೆಯಲ್ಲಿ ಅಂಟಾಗುವ ಎರೆಭೂಮಿಗೂ, ನೀರು ನಿಲ್ಲದ ಮಸಬು ಭೂಮಿಗೂ ಅತ್ಯವಶ್ಯವಾದುದು ಇದೇ ಪದಾರ್ಥ.

ಕುಣಿ ಮಾಡುವ ಕ್ರಮ

ಇಂದೂರು ಸಂಸ್ಥಾನದಲ್ಲಿ ಹೊವಾರ್ಡ್ ಮತ್ತು ಯಶವಂತ ವಾಡ್ ಎಂಬವರು ಕಸಕಡ್ಡಿಯಿಂದ ಗೊಬ್ಬರ ಮಾಡುವ ಕ್ರಮವನ್ನು ೧೯೩೧ರಲ್ಲಿ ಪ್ರಕಟಿಸಿದರು. ಅದರಲ್ಲಿ ರಾಶಿಯನ್ನು ಆಗಾಗ್ಗೆ ಮಗುಚಿ ನೀರು ಹಾಕಬೇಕು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗುವುದು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆಚಾರ್ಯ ಎಂಬವರು ರೂಪಿಸಿದ ಕ್ರಮದಲ್ಲಿ ಕುಣಿಯನ್ನು ಕೆಸರಿನಿಂದ ಮುಚ್ಚಿ ಮಗುಚದೆ ಬಿಡುವರು. ಇದಕ್ಕೆ ಆರರಿಂದ ಎಂಟು ತಿಂಗಳು ಹಿಡಿದರೂ ತೇವವೂ ಸಾರಜನಕವೂ ಉಳಿಯುವವು. ಬೇಸಗೆಯಲ್ಲಿ ನೀರಿನ ಅಭಾವವುಳ್ಳ ಈ ಸೀಮೆಗೆ ಎರಡನೆಯದೇ ಅನುಕೂಲ.

ನೀರು ನಿಲ್ಲದ ಎತ್ತರದ ಜಾಗದಲ್ಲಿ ಮೂರು ಅಡಿ ಆಳದ ಕುಣಿಯನ್ನು ತೋಡಬೇಕು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳನ್ನು ಚಿಕ್ಕದಾಗಿ ಕಡಿದು ಒಣ ಎಲೆಯೊಡನೆ ಬೆರೆಸಿ, ಗೇಣುದ್ದ ಹಾಸಿ, ಮೇಲೆ ಸಗಣಿಯ ನೀರನ್ನೂ ಗಂಜಲದಿಂದ ನೆನೆದ ಕೊಟ್ಟಿಗೆಯ ಮಣ್ಣನ್ನೂ ಹರಡಬೇಕು. ಹೀಗೆಯೇ ಪದರದ ಮೇಲೆ ಪದರವಾಗಿ ತುಂಬಿ ನೆಲಕ್ಕಿಂತ ಎತ್ತರವಾದ ಮೇಲೆ ಕೆಸರು ಮೆತ್ತಬೇಕು. ತುಂಬುವಾಗ ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೆಲವು ದಿನಗಳ ಮೇಲೆ ಒಳಗೆ ಚುಚ್ಚಿದ ಕಬ್ಬಿಣದ ಸಲಾಕೆಯು ಬಿಸಿಯಾಗಿ ಬಂದರೆ ಜೀವಿಗಳು ಕೆಲಸ ಹಿಡಿದವೆಂದು ತಿಳಿಯಬೇಕು. ಫಾಲ್ಗುಣದಲ್ಲಿ ಮುಚ್ಚಿದ ಕುಣಿಯು ಹಿಂಗಾರು ಜೋಳದ ಬಿತ್ತನೆಯ ಹೊತ್ತಿಗೆ ಸಿದ್ಧವಾಗುವುದು. ಎಲೆಯ ಆಕಾರ ಅಳಿದು, ಬಣ್ಣ ಕಪ್ಪಾಗಿ, ಮಳೆಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರವು ಕಳಿತಿರುವುದು.

ಗ್ರಾಮಸ್ಥರ ಕರ್ತವ್ಯ

ಒಬ್ಬನ ಹೊಲದ ಎಲೆಯು ಇನ್ನೊಬ್ಬನ ಬದುವಿಗೆ ಹಾರುವುದರಿಂದಲೂ, ಹಳ್ಳದ ದಂಡೆಯು ಎಲ್ಲರದಾಗಿರುವುದರಿಂದಲೂ ಈ ಕಾರ್ಯವು ಒಬ್ಬಿಬ್ಬರಿಂದ ಪೂರೈಸತಕ್ಕುದಲ್ಲ. ಊರ ಗೌಡರೂ ಮುಖಂಡರೂ ಮೊದಲು ತಮ್ಮ ಹಿತ್ತಲಿನಲ್ಲಿಯೇ ಒಂದು ಕುಣಿಯನ್ನು ಮಾಡಿ ತೋರಿಸಬೇಕು. ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ ಗುಡಿಸಿದ ಎಲೆಗೆ ಬೆಂಕಿಯಿಡದಂತೆ ನೋಡಿಕೊಳ್ಳಬೇಕು. ಹಳ್ಳದ ದಂಡೆಯ ಮರಗಳನ್ನು ಕಡಿಯದಂತೆ ಕಟ್ಟುಮಾಡಬೇಕು. ರಾಯಚೂರು ನಗರದ ಬೀದಿಮರಗಳ ಎಲೆಗೂ ಇದೇ ಮಾತು ಸಲ್ಲುವುದು. ಅಡವಿಯು ತನ್ನ ಎಲೆಯನ್ನು ತಾನೇ ಉಣ್ಣುವುದು. ಅಡವಿಯಿಲ್ಲದ ನಾಡಿನಲ್ಲಿ ಆ ಊಟವನ್ನು ಹೊಲಕ್ಕೆ ಬಡಿಸಬೇಕಾದವನು ಒಕ್ಕಲಿಗನೇ.