ಒಂದೇ ಹರಳಿನಲ್ಲಿ ಆರು ಬಗೆಯ ಅಣು

ಅಣುಗಳಿಗೆ ಸ್ವಜಾತಿ ಮೋಹ ಜಾಸ್ತಿ. ದ್ರಾವಣದಲ್ಲಿ ಏನೆಲ್ಲ ಬೆರೆತಿದ್ದರೂ ಹರಳು ಕಟ್ಟುವಾಗ ತಮ್ಮಂಥವನ್ನೇ ಹುಡುಕಿ ಸೇರುತ್ತವೆ. ಆ ಮೋಹ ಬಿಡಿಸಿ, ಬೇರೆ ಬೇರೆ ಅಣುಗಳನ್ನು ಗೊತ್ತಾದ ಪ್ರಮಾಣದಲ್ಲಿ ಒಟ್ಟಿಗೆ ಕೂರಿಸಿದರೆ ಅದು ಸಹಹರಳು. ಸಂಗತಿ ಹಳೆಯದೇ. 1844ರಲ್ಲಿ ಜರ್ಮನಿಯ ವೋಲರ್, ಹಳದಿ ಕ್ವಿನೋನ್ ಮತ್ತು ಬಣ್ಣವಿಲ್ಲದ ಹೈಡ್ರೋಕ್ವಿನೋನ್ ಕೂಡಿದ ಕಡುಹಸಿರು ಹರಳನ್ನು ವರ್ಣಿಸಿದ್ದ. ಯಾವುದರ ಪಕ್ಕ ಯಾವುದು ಕೂರುತ್ತದೆಂದು ಮೊದಲೇ ಲೆಕ್ಕ ಹಾಕುವ ಧೈರ್ಯ ಬಂದದ್ದು ಮಾತ್ರ ಬಹಳ ತಡವಾಗಿ.

ಆ ಲೆಕ್ಕಾಚಾರ ಪಳಗಿದ ಜಾಗಗಳಲ್ಲೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಿ.ಎನ್.ಆರ್. ರಾವ್ 1976ರಲ್ಲಿ ಅಲ್ಲಿ ಕಟ್ಟಿದ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕಕ್ಕೆ 2009ರಲ್ಲಿ ಹೈದರಾಬಾದಿನಿಂದ ಗೌತಮ್ ದೇಸಿರಾಜು ಬಂದರು. ಹರಳುಗಳ ವಿನ್ಯಾಸದ ಬಗ್ಗೆ 1989ರಷ್ಟು ಹಿಂದೆಯೇ ಪುಸ್ತಕ ಬರೆದವರು. ಅವರ ತಂಡದ ದಾರಿ ಕೇಳಲು ಸರಳ: ಗಟ್ಟಿ ಹೈಡ್ರೋಜನ್ ಬಂಧಕ್ಕೆ ಮೊದಲ ಜೋಡಿ, ಮಿಕ್ಕ ಸಡಿಲ ಸೆಳೆತಗಳಿಗೆ ಮೂರನೆಯ ಅಣು, ಉಳಿದ ಸಂದಿಗೆ ನಾಲ್ಕನೆಯದು. 2018ರಲ್ಲಿ ಎಣಿಕೆ ಆರಕ್ಕೆ ಮುಟ್ಟಿತು. ಕೊನೆಯ ಮೂರು ಒಂದೇ ಸ್ಥಾನವನ್ನು ಹಂಚಿಕೊಂಡಿವೆ ಎಂದು ಮಡಿವಂತರು ಮೂಗು ಮುರಿಯಬಹುದು. ನನಗಂತೂ ಜಾಣತನ ಇರುವುದೇ ಆ ಹಂಚಿಕೆಯಲ್ಲಿ.

ಇದರಿಂದೇನು ಲಾಭ? ಕೆಫೀನ್ ನೋಡಿ. ಒಣ ಕೆಫೀನ್ ಪುಡಿ ತೇವದ ಗಾಳಿಯಲ್ಲಿ ನೀರು ಹೀರಿ ಬೇರೆಯದೇ ಹರಳಾಗಿಬಿಡುತ್ತದೆ; ಮಾತ್ರೆ ಮಾಡುವವರಿಗೆ ತಲೆನೋವು. ಕುಟ್ಟಾಣಿಗೆ ಎರಡು ಪಾಲು ಕೆಫೀನ್, ಒಂದು ಪಾಲು ಆಕ್ಸಾಲಿಕ್ ಆಮ್ಲ ಹಾಕಿ, ನಾಲ್ಕು ಹನಿ ದ್ರಾವಕ ಬಿಟ್ಟು ಅರೆದರೆ ಸಹಹರಳು ಸಿದ್ಧ. ಕಣ್ಣಿಗೆ ಅದೇ ಬಿಳಿ ಪುಡಿ. ಕ್ಷ-ಕಿರಣ ಹಾಯಿಸಿದಾಗಲೇ ಒಳಗಿನ ಏರ್ಪಾಡು ತಿಳಿಯುವುದು: ಆಮ್ಲದ ಒಂದೊಂದು ತುದಿಯೂ ಒಂದೊಂದು ಕೆಫೀನಿನ ನೈಟ್ರೋಜನ್ ಹಿಡಿದುಕೊಂಡಿದೆ. ನೀರು ಬಂದು ಅಂಟುತ್ತಿದ್ದದ್ದೂ ಅದೇ ನೈಟ್ರೋಜನ್‌ಗೆ. ಕೇಂಬ್ರಿಜ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ಸಹಹರಳು ಶೇ 98ರ ತೇವದಲ್ಲೂ ವಾರಗಟ್ಟಲೆ ಕದಲಲಿಲ್ಲ.

ಕೆಫೀನ್ ಅಣು ಒಳಗೆ ಒಂದಿಷ್ಟೂ ಬದಲಾಗಿಲ್ಲ, ಅಕ್ಕಪಕ್ಕದವರು ಬದಲಾದರು ಅಷ್ಟೆ. ಅಮೆರಿಕದ ಔಷಧ ನಿಯಂತ್ರಕರೂ 2018ರ ಮಾರ್ಗಸೂಚಿಯಲ್ಲಿ ಔಷಧದ ಸಹಹರಳನ್ನು ಹೊಸ ಔಷಧವಸ್ತು ಎಂದು ಎಣಿಸಿಲ್ಲ. ಹಳೆಯದರದ್ದೇ ಇನ್ನೊಂದು ಹರಳುರೂಪದ ಸಾಲಿಗೆ ಸೇರಿಸಿದ್ದಾರೆ.